ಒಂದು ಪಂದ್ಯ, ಮೂವರು ನಿರಾಶ್ರಿತರು

2022ರ ನವೆಂಬರ್ 27ರ ರಾತ್ರಿ ಒಂಬತ್ತೂವರೆ. ಕತಾರ್‌ನ ಖಲೀಫಾ ಅಂತರರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕ್ರೊಯೇಷಿಯಾ ಮತ್ತು ಕೆನಡಾ ನಡುವೆ ವಿಶ್ವಕಪ್ ಪಂದ್ಯ. ಊಟ ಮುಗಿಸಿ ಕೈತೊಳೆದು ಟಿ.ವಿ. ಮುಂದೆ ಬಂದು ಕೂರುವಷ್ಟರಲ್ಲಿ ಗೋಲು ಆಗಿಹೋಗಿತ್ತು. ಆಟ ಎರಡನೇ ನಿಮಿಷಕ್ಕೆ ಕಾಲಿಟ್ಟಿತ್ತಷ್ಟೆ. ಬಲಬದಿಯಿಂದ ತಾಜಾನ್ ಬುಕ್ಯಾನನ್ ಎತ್ತಿ ಕಳಿಸಿದ ಚೆಂಡಿಗೆ ಅಲ್ಫಾನ್ಸೊ ಡೇವಿಸ್ ಓಡಿಬಂದು ತಲೆಯೊಡ್ಡಿದ್ದ. ಪುರುಷರ ವಿಶ್ವಕಪ್‌ನಲ್ಲಿ ಕೆನಡಾ ಗಳಿಸಿದ ಮೊಟ್ಟಮೊದಲ ಗೋಲು ಅದು. 1986ರಲ್ಲಿ ಮೆಕ್ಸಿಕೊಕ್ಕೆ ಹೋಗಿದ್ದ ಆ ತಂಡ ಮೂರು ಪಂದ್ಯ ಆಡಿ, ಒಂದೂ ಗೋಲು ಹೊಡೆಯದೆ ಮನೆಗೆ ಮರಳಿತ್ತು. ಕತಾರ್‌ನಲ್ಲಿಯೂ ನಾಲ್ಕು ದಿನ ಮೊದಲು ಬೆಲ್ಜಿಯಂ ವಿರುದ್ಧ ಸಿಕ್ಕ ಪೆನಾಲ್ಟಿಯನ್ನು ಇದೇ ಡೇವಿಸ್ ಗೋಲ್‌ಕೀಪರ್ ಕೂರ್ತ್ವಾ ಕೈಗೆ ಒಪ್ಪಿಸಿ ತಲೆತಗ್ಗಿಸಿದ್ದ.

ಪಂದ್ಯದ ಫಲಿತಾಂಶ ಈಗ ಮುಖ್ಯವಲ್ಲ; ಕೆನಡಾ 4-1ರಿಂದ ಸೋತಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯೇ. ಅಂದು ಆ ಹಸಿರು ಹಾಸಿನ ಮೇಲೆ, ಬಾಲ್ಯದಲ್ಲಿ ಯುದ್ಧಕ್ಕೆ ಮನೆ ಕಳೆದುಕೊಂಡ ಮೂವರಿದ್ದರು. ಗೋಲು ಹೊಡೆದ ಡೇವಿಸ್ ಒಬ್ಬ. ಕ್ರೊಯೇಷಿಯಾದ ನಾಯಕ ಲೂಕಾ ಮೊಡ್ರಿಚ್ ಇನ್ನೊಬ್ಬ. ಕೆನಡಾದ ಗೋಲ್‌ಕೀಪರ್ ಮಿಲಾನ್ ಬೋರ್ಯಾನ್ ಮೂರನೆಯವನು. ಕೊನೆಯ ಇಬ್ಬರ ಕಥೆಗಳು ಒಂದೇ ಗಾಯದ ಎರಡು ಅಂಚುಗಳಿದ್ದಂತೆ.

ಮೊಡ್ರಿಚ್ ಹುಟ್ಟಿದ್ದು 1985ರಲ್ಲಿ, ಆಗಿನ್ನೂ ಯುಗೊಸ್ಲಾವಿಯಾ ಒಂದಾಗಿದ್ದಾಗ. ಝಾದರ್ ನಗರದಾಚೆ, ವೆಲೆಬಿತ್ ಬೆಟ್ಟದ ತಪ್ಪಲಿನ ಕಲ್ಲುಮನೆಯೊಂದರಲ್ಲಿ ಅಜ್ಜನಿದ್ದ. ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು. 1991ರ ಡಿಸೆಂಬರ್‌ನಲ್ಲಿ ಸರ್ಬ್ ಬಂಡುಕೋರರು ಆ ಅಜ್ಜನನ್ನು ಗುಂಡಿಟ್ಟು ಕೊಂದರು. ಮನೆ ಸುಟ್ಟುಹೋಯಿತು. ತಂದೆ ಸೈನ್ಯ ಸೇರಿದರು. ಆರು ವರ್ಷದ ಹುಡುಗ ಝಾದರ್‌ನ ಹೋಟೆಲೊಂದರಲ್ಲಿ, ತನ್ನಂತೆಯೇ ಊರುಬಿಟ್ಟ ನೂರಾರು ಜನರ ನಡುವೆ ಬೆಳೆದ. ನಗರದ ಮೇಲೆ ಶೆಲ್ ಬೀಳದ ಹೊತ್ತಿನಲ್ಲಿ ಹೋಟೆಲಿನ ಕಾರು ನಿಲ್ಲಿಸುವ ಜಾಗವೇ ಅವನ ಮೈದಾನ. ತೀರಾ ಪುಟ್ಟವನು, ಕೃಶಕಾಯ ಎಂದು ಪ್ರಸಿದ್ಧ ಹೈದುಕ್ ಸ್ಪ್ಲಿತ್ ಕ್ಲಬ್ ಅವನನ್ನು ವಾಪಸು ಕಳಿಸಿತು. ಅದೇ ಹುಡುಗ 2018ರಲ್ಲಿ ಮೆಸ್ಸಿ-ರೊನಾಲ್ಡೊ ಜೋಡಿಯ ಹತ್ತು ವರ್ಷಗಳ ಏಕಸ್ವಾಮ್ಯ ಮುರಿದು ಜಗತ್ತಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬಾಲನ್ ಡಿ'ಓರ್ ಎತ್ತಿ ಹಿಡಿದ.

ಬೋರ್ಯಾನ್‌ದು ಗೆರೆಯ ಆಚೆಗಿನ ಕಥೆ. ಅವನು ಹುಟ್ಟಿದ್ದು ಕ್ನಿನ್ ಪಟ್ಟಣದ ಸರ್ಬ್ ಕುಟುಂಬದಲ್ಲಿ, 1987ರಲ್ಲಿ. ಮೊಡ್ರಿಚ್‌ನ ಅಜ್ಜನನ್ನು ಕೊಂದವರ ಪ್ರತ್ಯೇಕ ಸರ್ಕಾರಕ್ಕೆ ಅದೇ ಕ್ನಿನ್ ರಾಜಧಾನಿಯಾಗಿತ್ತು. 1995ರ ಆಗಸ್ಟ್‌ನಲ್ಲಿ ಕ್ರೊಯೇಷಿಯಾದ ಸೇನೆ 'ಚಂಡಮಾರುತ' ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಕೆಲವೇ ದಿನಗಳಲ್ಲಿ ಆ ಸೀಮೆಯನ್ನು ವಶಪಡಿಸಿಕೊಂಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಬರು ಟ್ರ್ಯಾಕ್ಟರುಗಳ ಮೇಲೆ ಹಾಸಿಗೆ, ಪಾತ್ರೆ, ಮಕ್ಕಳನ್ನು ಹೇರಿಕೊಂಡು ಓಡಿದರು. ಎಂಟು ತುಂಬದ ಬೋರ್ಯಾನ್ ಆ ಮಕ್ಕಳಲ್ಲೊಬ್ಬ. ಮೊದಲು ಬೆಲ್‌ಗ್ರೇಡ್, ಕೆಲವು ವರ್ಷಗಳ ನಂತರ ಕೆನಡಾ. ಕತಾರ್‌ನ ಆ ರಾತ್ರಿ ಅವನ ಗೋಲುಗಂಬದ ಹಿಂದಿನ ಗ್ಯಾಲರಿಯಲ್ಲಿ ಕ್ರೊಯೇಷಿಯಾದ ಕೆಲವು ಅಭಿಮಾನಿಗಳು ಒಂದು ಬಾವುಟ ಬಿಚ್ಚಿದರು. ಟ್ರ್ಯಾಕ್ಟರ್ ಕಂಪನಿಯೊಂದರ ಬಾವುಟ ಅದು. ಅದರ ಮೇಲೆ 'ಕ್ನಿನ್ 95' ಎಂದು ಬರೆದು, ಓಡುವುದರಲ್ಲಿ ಬೋರ್ಯಾನ್‌ನಷ್ಟು ಚುರುಕಾದವರಿಲ್ಲ ಎಂಬರ್ಥದ ಲೇವಡಿ ಸೇರಿಸಿದ್ದರು. ಫಿಫಾ ಆಮೇಲೆ ಕ್ರೊಯೇಷಿಯಾದ ಫುಟ್‌ಬಾಲ್ ಸಂಸ್ಥೆಗೆ 50 ಸಾವಿರ ಸ್ವಿಸ್ ಫ್ರಾಂಕ್ ದಂಡ ಹಾಕಿತು. ಎಂಟು ತುಂಬದ ಮಗುವೊಂದು ಮನೆ ಬಿಟ್ಟು ಓಡಿದ್ದನ್ನು ಇಪ್ಪತ್ತೇಳು ವರ್ಷಗಳ ಬಳಿಕ ಹಾಸ್ಯಕ್ಕೆ ಬಳಸಲು ಎಂಥ ಮನಸ್ಸು ಬೇಕು ಎಂದು ನಾನು ಅಂದು ಬಹಳ ಹೊತ್ತು ಯೋಚಿಸಿದೆ. ಬಾವುಟ ಹಿಡಿದವರ ನಾಯಕನೂ ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದವನೇ ಎಂಬುದು ಅವರಿಗೆ ಹೊಳೆಯಲೇ ಇಲ್ಲವೆ?

ಡೇವಿಸ್‌ಗೆ ಇಂಥ ನೆನಪುಗಳ ಭಾರ ಇಲ್ಲ. ಆತ ಯುದ್ಧವನ್ನು ಕಂಡವನಲ್ಲ, ಯುದ್ಧ ಹೆತ್ತವನು. ತಂದೆ ಡೆಬೆಯಾ, ತಾಯಿ ವಿಕ್ಟೋರಿಯಾ ಪಶ್ಚಿಮ ಆಫ್ರಿಕದ ಲೈಬೀರಿಯಾದ ರಾಜಧಾನಿ ಮನ್ರೋವಿಯಾದವರು. 1989ರಿಂದ 2003ರ ನಡುವೆ ಆ ಪುಟ್ಟ ದೇಶ ಎರಡು ಅಂತರ್ಯುದ್ಧಗಳನ್ನು ಕಂಡಿತು. ಎರಡನೆಯದು ಭುಗಿಲೆದ್ದಾಗ ಬದುಕಿ ಉಳಿಯಬೇಕಾದರೆ ಬಂದೂಕು ಹಿಡಿಯಬೇಕು, ತಮಗೆ ಅದರಲ್ಲಿ ಆಸಕ್ತಿ ಇರಲಿಲ್ಲ ಎಂದು ಡೆಬೆಯಾ ಮುಂದೆ ಹೇಳಿಕೊಂಡಿದ್ದಾರೆ. ಇಬ್ಬರೂ ಘಾನಾಕ್ಕೆ ಓಡಿ, ಅಕ್ರಾ ನಗರದ ಪಶ್ಚಿಮಕ್ಕಿರುವ ಬುದುಬುರಾಮ್ ಶಿಬಿರ ಸೇರಿದರು. 1990ರಲ್ಲಿ ಲೈಬೀರಿಯಾದವರಿಗಾಗಿಯೇ ತೆರೆದ ಶಿಬಿರ ಅದು. ಒಂದು ಹಂತದಲ್ಲಿ ಸುಮಾರು 40 ಸಾವಿರ ಜನ ಅಲ್ಲಿದ್ದರು. 2000ದ ನವೆಂಬರ್ 2ರಂದು ಅಲ್ಲೇ ಅಲ್ಫಾನ್ಸೊ ಹುಟ್ಟಿದ. ನೀರಿಗೂ ಅನ್ನಕ್ಕೂ ಪರದಾಡುತ್ತಿದ್ದ ಆ ಬದುಕನ್ನು ತಾಯಿ ಬೀಗ ಜಡಿದ ಪೆಟ್ಟಿಗೆಗೆ ಹೋಲಿಸಿದ್ದಾರೆ.

ಲೈಬೀರಿಯಾ ಫುಟ್‌ಬಾಲ್ ಅರಿಯದ ನಾಡಲ್ಲ. 1995ರಲ್ಲಿ ಬಾಲನ್ ಡಿ'ಓರ್ ಗೆದ್ದ ಜಾರ್ಜ್ ವೇಆ ಅಲ್ಲಿಯವನೇ. ಮುಂದೆ 2018ರಿಂದ 2024ರವರೆಗೆ ಆ ದೇಶದ ಅಧ್ಯಕ್ಷನೂ ಆದ. ಮನ್ರೋವಿಯಾದ ಕೊಳೆಗೇರಿಯಿಂದ ಪ್ಯಾರಿಸ್, ಮಿಲಾನ್‌ಗಳಿಗೆ ಹಾರಿದ ವೇಆ ಎಲ್ಲ ಲೈಬೀರಿಯನ್ ಮಕ್ಕಳ ಕನಸಾಗಿದ್ದ. ಆದರೆ ಬುದುಬುರಾಮ್‌ನ ಮಗುವಿಗೆ ಯಾವ ದೇಶದ ಕನಸು ಕಾಣುವ ಹಕ್ಕಿತ್ತು? ಘಾನಾದ ನೆಲದಲ್ಲಿ ಹುಟ್ಟಿದರೂ ಅದು ಘಾನಾದ ಪ್ರಜೆಯಲ್ಲ. ಅಲ್ಲಿನ ಕಾನೂನು ಹುಟ್ಟಿದ ಜಾಗ ನೋಡುವುದಿಲ್ಲ, ಹೆತ್ತವರ ಪೌರತ್ವ ನೋಡುತ್ತದೆ. ಹೆತ್ತವರ ದೇಶಕ್ಕೆ ಮರಳುವಂತಿರಲಿಲ್ಲ. ಉಳಿದದ್ದು ಮೂರನೇ ದೇಶವೊಂದು ಕರೆದು ನೆಲೆ ಕೊಡುವ ದಾರಿ. ಆ ದಾರಿ ಎಷ್ಟು ಕಿರಿದೆಂದರೆ, ಜಗತ್ತಿನ ನಿರಾಶ್ರಿತರಲ್ಲಿ ಯಾವುದೇ ಒಂದು ವರ್ಷ ಅದನ್ನು ದಾಟುವವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಡೇವಿಸ್ ಕುಟುಂಬ ಅರ್ಜಿ ಹಾಕಿತು, ಸಂದರ್ಶನಗಳನ್ನು ಎದುರಿಸಿತು, ಆಯ್ಕೆಯಾಯಿತು. 2005ರಲ್ಲಿ ಕೆನಡಾಕ್ಕೆ ಹೊರಟಾಗ ಅಲ್ಫಾನ್ಸೊ ಇನ್ನೂ ಶಾಲೆಯ ಮೊದಲ ಮೆಟ್ಟಿಲು ಹತ್ತುವ ವಯಸ್ಸಿನವನು. ಆತನ ಆಟದ ಬಗ್ಗೆ ಬರೆಯುವವರೆಲ್ಲ ಗೋಲುಗಳಿಂದ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಆತ ಗೆದ್ದ ಅತಿ ಕಠಿಣ ಪಂದ್ಯ ಇದು. ಅದರಲ್ಲಿ ಆತನ ಕಾಲಿನ ಪಾತ್ರ ಏನೂ ಇರಲಿಲ್ಲ.

ಮೊದಲು ಒಂಟಾರಿಯೊದ ವಿಂಡ್ಸರ್, ಅನಂತರ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್. ಚಳಿಗಾಲದಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿಳಿಯುವ ಊರು. ಐಸ್ ಹಾಕಿಯ ಊರು. ತಂದೆತಾಯಿ ಇಬ್ಬರೂ ಪಾಳಿಯ ಮೇಲೆ ದುಡಿಯುತ್ತಿದ್ದರು. ಶಾಲೆಯಿಂದ ಬಂದ ಅಲ್ಫಾನ್ಸೊ ತಮ್ಮ ತಂಗಿಯರ ಬಟ್ಟೆ ಬದಲಿಸಿ, ಉಣ್ಣಿಸಿ, ಮಲಗಿಸುತ್ತಿದ್ದ. ವಲಸೆ ಬಂದ ಬಡ ಕುಟುಂಬಗಳ ಹಿರಿಯ ಮಕ್ಕಳು ಎಲ್ಲ ಊರುಗಳಲ್ಲೂ ಮಾಡುವ ಕೆಲಸವೇ ಇದು. ನಮ್ಮ ಬೆಂಗಳೂರಿನ ಕಟ್ಟಡ ಕಾಮಗಾರಿಗಳ ಬಳಿ ಕಂಕುಳಲ್ಲಿ ತಮ್ಮನನ್ನು ಹೊತ್ತ ಹುಡುಗಿಯರನ್ನು ನಾವು ದಿನವೂ ನೋಡುತ್ತೇವೆ.

ಇಲ್ಲೊಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಫುಟ್‌ಬಾಲ್ ಬಡವರ ಆಟ, ಒಂದು ಚೆಂಡಿದ್ದರೆ ಸಾಕು ಎಂದು ನಾವು ನಂಬಿದ್ದೇವೆ. ಬೀದಿಯಲ್ಲಿ ಆಡುವ ಮಟ್ಟಿಗೆ ಅದು ನಿಜ. ಉತ್ತರ ಅಮೆರಿಕದಲ್ಲಿ ಮಗುವೊಂದು ಕ್ಲಬ್‌ಗೆ ಸೇರಿ ಆಡಬೇಕಾದರೆ ನೋಂದಣಿ ಶುಲ್ಕ, ಸಮವಸ್ತ್ರ, ಬೂಟು, ಪ್ರವಾಸದ ವೆಚ್ಚ ಎಲ್ಲವನ್ನೂ ತಂದೆತಾಯಿ ಭರಿಸಬೇಕು. ಅದಕ್ಕಿಂತ ಹೆಚ್ಚಾಗಿ, ಸಂಜೆ ಐದಕ್ಕೆ ಕಾರಿನಲ್ಲಿ ಕರೆದೊಯ್ದು ಏಳಕ್ಕೆ ವಾಪಸು ಕರೆತರಲು ಬಿಡುವಿರುವ ಒಬ್ಬರು ಮನೆಯಲ್ಲಿರಬೇಕು. ಪಾಳಿ ಕೆಲಸದ ನಿರಾಶ್ರಿತ ಕುಟುಂಬದಲ್ಲಿ ಕಾರೂ ಇಲ್ಲ, ಬಿಡುವೂ ಇಲ್ಲ. ಎಡ್ಮಂಟನ್‌ನಲ್ಲಿ ಕೆಲವರು ಈ ಸರಳ ಸತ್ಯವನ್ನು ಕಂಡುಕೊಂಡು 'ಫ್ರೀ ಫುಟಿ' ಎಂಬ ಲೀಗ್ ನಡೆಸುತ್ತಿದ್ದರು. ನಗರದ ಬಡ ಬಡಾವಣೆಗಳ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ, ಶಾಲೆ ಬಿಟ್ಟ ಕೂಡಲೇ ಪಂದ್ಯ. ಶುಲ್ಕ ಇಲ್ಲ. ಆಟದ ಸಾಮಗ್ರಿ, ಮೈದಾನಕ್ಕೆ ಒಯ್ಯುವ ವಾಹನ, ತಿನ್ನಲು ಒಂದಿಷ್ಟು, ಎಲ್ಲವೂ ಲೀಗ್‌ನದೇ. ಡೇವಿಸ್‌ನ ಶಾಲೆಯೂ ಅದರಲ್ಲಿತ್ತು. ಅಲ್ಲಿನ ಶಿಕ್ಷಕಿಯೊಬ್ಬರು ಈ ಹುಡುಗನ ಓಟ ಕಂಡು ಬೇರೊಂದು ಶಾಲೆಯ ಫುಟ್‌ಬಾಲ್ ತರಬೇತುದಾರರಿಗೆ ಹೇಳಿದರು. ಅವರಿಂದ ಹುಡುಗ ಊರಿನ ಕ್ಲಬ್‌ಗೆ ಹೋದ. ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋದ ಹುಡುಗ ಆತ. ಈ ಸರಪಳಿಯ ಯಾವ ಕೊಂಡಿಯೂ ದೊಡ್ಡದಲ್ಲ. ಒಂದು ಬಸ್ಸು, ಒಂದು ಜೊತೆ ಬೂಟು, ಮಗುವನ್ನು ಗಮನಿಸಿದ ಒಬ್ಬ ಶಿಕ್ಷಕಿ. ಆದರೆ ಒಂದು ತಪ್ಪಿದ್ದರೂ ಆತ ಇಂದು ಎಡ್ಮಂಟನ್‌ನ ಯಾವುದೋ ಗೋದಾಮಿನಲ್ಲಿ ತಂದೆಯ ಪಾಳಿಯನ್ನು ಮುಂದುವರಿಸುತ್ತಿದ್ದ ಎಂದು ಊಹಿಸಲು ನನಗೆ ಕಷ್ಟವಾಗುವುದಿಲ್ಲ.

ಹದಿನಾಲ್ಕು ತುಂಬಿದಾಗ ಸಾವಿರ ಕಿಲೋಮೀಟರ್ ಆಚೆಯ ವ್ಯಾಂಕೂವರ್‌ನಿಂದ ವೈಟ್‌ಕ್ಯಾಪ್ಸ್ ಕ್ಲಬ್ ಕರೆಯಿತು. ಅಲ್ಲೇ ಇದ್ದು, ಓದುತ್ತ, ಅಭ್ಯಾಸ ಮಾಡಬೇಕು. ತಾಯಿ ಒಪ್ಪಲಿಲ್ಲ. ಯುದ್ಧದಿಂದ ಎತ್ತಿಕೊಂಡು ತಂದ ಮಗನನ್ನು, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಗುರುತಿಲ್ಲದವರ ನಡುವೆ ಬಿಡುವುದು ಹೇಗೆ? ದಾರಿ ತಪ್ಪಿದರೆ? ನೀವು ಬೆಳೆಸಿದ ಮಗನಾಗಿಯೇ ಉಳಿಯುತ್ತೇನೆ ಎಂದು ಆತ ಮಾತು ಕೊಟ್ಟ ಮೇಲೆ ಆಕೆ ಕಳಿಸಿಕೊಟ್ಟರು. ಫುಟ್‌ಬಾಲ್‌ನ ಚರಿತ್ರೆ ಬರೆಯುವವರು ವರ್ಗಾವಣೆಯ ಮೊತ್ತಗಳನ್ನು ಬರೆದಿಡುತ್ತಾರೆ. ಇಂಥ ಒಪ್ಪಿಗೆಗಳಿಗೆ ಅವರ ಲೆಕ್ಕದ ಪುಸ್ತಕದಲ್ಲಿ ಕಲಮು ಇಲ್ಲ.

ಅಲ್ಲಿಂದ ಮುಂದಿನದು ವೇಗದ ಕಥೆ. 2016ರ ಜುಲೈಯಲ್ಲಿ, ಹದಿನಾರಕ್ಕೂ ಮುನ್ನ, ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ ಆತ ಆಡಿದ. ಅಲ್ಲಿಯವರೆಗೆ ಆ ಲೀಗ್‌ನಲ್ಲಿ ಅವನಿಗಿಂತ ಕಿರಿಯ ವಯಸ್ಸಿನಲ್ಲಿ ಆಡಿದ್ದವನು ಫ್ರೆಡಿ ಅಡು ಒಬ್ಬನೇ. ಅಷ್ಟಾದರೂ ಕೆನಡಾದ ಜರ್ಸಿ ತೊಡುವಂತಿರಲಿಲ್ಲ. ಕಾಗದ ಇರಲಿಲ್ಲ. 2017ರ ಜೂನ್ 6ರಂದು ಪೌರತ್ವ ಸಿಕ್ಕಿತು. ಅಂದೇ ರಾಷ್ಟ್ರೀಯ ತಂಡದಿಂದ ಕರೆ ಬಂತು. ಒಂದು ವಾರಕ್ಕೆ, ಜೂನ್ 13ರಂದು, ಕ್ಯುರಸಾವ್ ವಿರುದ್ಧ ಆತ ಮೈದಾನಕ್ಕಿಳಿದ. ಮರುತಿಂಗಳು ಗೋಲ್ಡ್ ಕಪ್‌ನಲ್ಲಿ ಮೂರು ಗೋಲು. ಹನ್ನೆರಡು ವರ್ಷ ಕಾದಿದ್ದ ದೇಶ ಏಳು ದಿನವೂ ಕಾಯಲಾರದೆ ಹೋಯಿತು! ಅದೇ ಬೀದಿಯಲ್ಲಿದ್ದು ಫುಟ್‌ಬಾಲ್ ಆಡಲು ಬಾರದ ಇನ್ನೊಬ್ಬ ಹುಡುಗನ ಕಾಗದಕ್ಕೆ ಇಂಥ ಸಂಭ್ರಮ ಇರುತ್ತಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

2018ರ ಜೂನ್ 13ರಂದು ಮಾಸ್ಕೊದಲ್ಲಿ ಫಿಫಾದ ಮಹಾಸಭೆ. 2026ರ ವಿಶ್ವಕಪ್ ಆತಿಥ್ಯ ಯಾರಿಗೆ ಎಂಬ ಮತದಾನ. ಅಮೆರಿಕ, ಮೆಕ್ಸಿಕೊ, ಕೆನಡಾ ಒಂದು ಕಡೆ. ಮೊರೊಕ್ಕೊ ಇನ್ನೊಂದು ಕಡೆ. ಮೂರು ದೇಶಗಳ ಪರವಾಗಿ ವೇದಿಕೆ ಏರಿದವರಲ್ಲಿ ಹದಿನೇಳರ ಡೇವಿಸ್ ಕೂಡ ಇದ್ದ. ತಾನು ಶಿಬಿರದಲ್ಲಿ ಹುಟ್ಟಿದವನೆಂದೂ ಕೆನಡಾ ತನ್ನನ್ನು ಸ್ವಾಗತಿಸಿತೆಂದೂ ಹೇಳಿದ. ಹುಡುಗನ ಮಾತಿನಲ್ಲಿ ಕಪಟವಿರಲಿಲ್ಲ, ಸಭೆ ಮನಸಾರೆ ಚಪ್ಪಾಳೆ ತಟ್ಟಿತು. 134 ಮತಗಳಿಗೆ 65ರಂತೆ ಮೂರು ದೇಶಗಳು ಗೆದ್ದವು. ಅದೇ ದಿನಗಳಲ್ಲಿ, ಆ ಮೂರರಲ್ಲೊಂದಾದ ಅಮೆರಿಕದ ದಕ್ಷಿಣ ಗಡಿಯಲ್ಲಿ, ಆಶ್ರಯ ಅರಸಿ ಬಂದವರ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಇಡಲಾಗುತ್ತಿತ್ತು. ಜಗತ್ತಿನ ಪ್ರತಿಭಟನೆಗೆ ಮಣಿದು ಅಧ್ಯಕ್ಷ ಟ್ರಂಪ್ ಅದನ್ನು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದ್ದು ಮತದಾನದ ಒಂದು ವಾರದ ಬಳಿಕ. ಒಂದು ನಿರಾಶ್ರಿತ ಮಗುವನ್ನು ವೇದಿಕೆಯ ಮೇಲೆ ನಿಲ್ಲಿಸಿ, ಇನ್ನುಳಿದವರನ್ನು ಬೇಲಿಯೊಳಗೆ ಕೂಡಿಹಾಕುವುದು ಸಾಧ್ಯ ಎಂಬುದು ನನಗೆ ಅಂದು ಅರ್ಥವಾಯಿತು. ಇದರಲ್ಲಿ ಡೇವಿಸ್‌ನ ತಪ್ಪೇನೂ ಇಲ್ಲ.

ಮುಂದಿನ ತಿಂಗಳು ಜರ್ಮನಿಯ ಬಾಯರ್ನ್ ಮ್ಯೂನಿಕ್ ಆತನನ್ನು ಕೊಂಡುಕೊಂಡಿತು; ಮೇಜರ್ ಲೀಗ್ ಆಗ ಕಂಡಿದ್ದ ಅತಿ ದೊಡ್ಡ ಮೊತ್ತದ ವರ್ಗಾವಣೆ ಅದು. ಆದರೂ ಆತ ಮ್ಯೂನಿಕ್ ಸೇರಿದ್ದು 2019ರ ಜನವರಿಯಲ್ಲಿ. ಹದಿನೆಂಟು ತುಂಬದವರನ್ನು ಕ್ಲಬ್‌ಗಳು ದೇಶದಿಂದ ದೇಶಕ್ಕೆ ಸಾಗಿಸಬಾರದು ಎಂಬ ಫಿಫಾ ನಿಯಮವಿದೆ. ಆಫ್ರಿಕ, ಲ್ಯಾಟಿನ್ ಅಮೆರಿಕದ ಬಡ ಮಕ್ಕಳನ್ನು ದಲ್ಲಾಳಿಗಳು ಯುರೋಪಿಗೆ ಒಯ್ದು, ಆಯ್ಕೆಯಾಗದವರನ್ನು ಬೀದಿಯಲ್ಲಿ ಬಿಟ್ಟುಬರುತ್ತಿದ್ದುದರಿಂದ ಹುಟ್ಟಿದ ಒಳ್ಳೆಯ ನಿಯಮ. ಆದರೆ ಯುದ್ಧದಿಂದ ಒಂಟಿಯಾಗಿ ಓಡಿಬಂದ ಮಕ್ಕಳನ್ನೂ ಅದು ವರ್ಷಗಳ ಕಾಲ ಕ್ಲಬ್‌ಗಳ ಹೊರಗಿಟ್ಟಿತು. ಅವರಿಗೆಂದೇ ವಿನಾಯಿತಿ ಬಂದದ್ದು ಬಹಳ ತಡವಾಗಿ.

ಮ್ಯೂನಿಕ್‌ನಲ್ಲಿ ದಾಳಿಯ ಆಟಗಾರನಾಗಿ ಹೋದವನನ್ನು, ರಕ್ಷಣೆಯ ಆಟಗಾರರು ಗಾಯಗೊಂಡ ಕಾರಣ, ಎಡ ರಕ್ಷಕನನ್ನಾಗಿ ನಿಲ್ಲಿಸಿದರು. ಅದೇ ಆತನ ಜಾಗವಾಯಿತು. 2020ರ ಜೂನ್‌ನಲ್ಲಿ ಗಂಟೆಗೆ 36.51 ಕಿಲೋಮೀಟರ್ ವೇಗದಲ್ಲಿ ಓಡಿ ಜರ್ಮನ್ ಲೀಗ್‌ನಲ್ಲಿ ಆಗಿನ ದಾಖಲೆ ಬರೆದ. ಅದೇ ವರ್ಷ ಆಗಸ್ಟ್ 14ರಂದು ಲಿಸ್ಬನ್‌ನಲ್ಲಿ ಬಾರ್ಸಿಲೋನಾವನ್ನು ಬಾಯರ್ನ್ 8-2ರಿಂದ ಬಡಿದ ಪಂದ್ಯವನ್ನು ಕೊರೊನಾ ಕಾಲದ ಬೇಸರದಲ್ಲಿ ಕಂಡವರು ಮರೆತಿರಲಾರರು. ಎಡ ಅಂಚಿನಲ್ಲಿ ಒಬ್ಬೊಬ್ಬರನ್ನೇ ದಾಟಿ, ಕೊನೆಯಲ್ಲಿ ಸೆಮೆಡೊ ಎಂಬ ಅನುಭವಿ ರಕ್ಷಕನನ್ನು ನಿಂತಲ್ಲೇ ತಬ್ಬಿಬ್ಬುಗೊಳಿಸಿ, ಗೋಲುಗೆರೆಯ ಗುಂಟ ನುಗ್ಗಿ ಕಿಮಿಕ್‌ನ ಕಾಲಿಗೆ ಚೆಂಡು ತಲುಪಿಸಿದ ಆ ಓಟ! ಗೋಲು ಹೊಡೆದವನು ಕಿಮಿಕ್, ಆದರೆ ಎಲ್ಲರ ಕಣ್ಣೂ ಡೇವಿಸ್ ಮೇಲೆ. ಒಂಬತ್ತು ದಿನಗಳ ಬಳಿಕ ಬಾಯರ್ನ್ ಚಾಂಪಿಯನ್ಸ್ ಲೀಗ್ ಗೆದ್ದಿತು. 2021ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಆತನನ್ನು ತನ್ನ ಸದ್ಭಾವನಾ ರಾಯಭಾರಿಯಾಗಿ ನೇಮಿಸಿತು. ಆಮೇಲೆ ಕೊರೊನಾ ತಂದ ಹೃದಯಸ್ನಾಯುವಿನ ಉರಿಯೂತ, 2025ರ ಮಾರ್ಚ್‌ನಲ್ಲಿ ಮೊಣಕಾಲಿನ ಗಾಯ. ವೃತ್ತಿಪರ ಆಟಗಾರನ ಬದುಕಿನ ಎಂದಿನ ಏರಿಳಿತಗಳು.

ಹೆಣ್ಣುಮಕ್ಕಳ ಹಾದಿ ಇನ್ನೂ ಕಡಿದು. ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಹುಟ್ಟಿದ ನಾದಿಯಾ ನದೀಂ ಅವರ ತಂದೆಯನ್ನು ತಾಲಿಬಾನ್ ಕೊಂದಿತು. ತಾಯಿ ಐವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪಾಕಿಸ್ತಾನ, ಇಟಲಿ ದಾಟಿ, ಲಂಡನ್ ಎಂದುಕೊಂಡು ಟ್ರಕ್ಕಿನಿಂದ ಇಳಿದದ್ದು ಡೆನ್ಮಾರ್ಕ್‌ನಲ್ಲಿ. ಶಿಬಿರದ ಬೇಲಿಯಾಚೆ ಫುಟ್‌ಬಾಲ್ ಆಡುವ ಹುಡುಗಿಯರನ್ನು ಕಂಡು ಆಟ ಕಲಿತ ನಾದಿಯಾ 2009ರಿಂದ ಡೆನ್ಮಾರ್ಕ್ ಪರ ಆಡಿದರು, 2017ರ ಯುರೋಪ್ ಕಪ್ ಫೈನಲ್‌ನಲ್ಲಿ ಗೋಲು ಹೊಡೆದರು, 2022ರಲ್ಲಿ ವೈದ್ಯಕೀಯ ಪದವಿಯನ್ನೂ ಮುಗಿಸಿದರು. ಅವರು ಬಿಟ್ಟು ಬಂದ ನಾಡಿನಲ್ಲಿ 2021ರ ಬಳಿಕ ಹುಡುಗಿಯರಿಗೆ ಮೈದಾನವಿರಲಿ, ಪ್ರೌಢಶಾಲೆಯ ಬಾಗಿಲೂ ಮುಚ್ಚಿತು.

ಇದನ್ನೆಲ್ಲ ಬರೆಯುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ನಮ್ಮದೇ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡುಭೂಮಿಯಲ್ಲಿ ನೆಲೆಸಿದ ಟಿಬೆಟನ್ನರ ಊರು. ಹಲವು ವರ್ಷಗಳ ಹಿಂದೆ ಒಂದು ಸಂಜೆ ಅಲ್ಲಿ ಕೆಂಪು ನಿಲುವಂಗಿಯನ್ನು ಸೊಂಟಕ್ಕೆ ಕಟ್ಟಿ ಎಳೆಯ ಭಿಕ್ಷುಗಳು ಧೂಳೆಬ್ಬಿಸಿ ಫುಟ್‌ಬಾಲ್ ಆಡುವುದನ್ನು ಕತ್ತಲಾಗುವವರೆಗೆ ನೋಡುತ್ತ ನಿಂತಿದ್ದೆ. ಟಿಬೆಟನ್ನರದೊಂದು 'ರಾಷ್ಟ್ರೀಯ' ತಂಡವೂ ಇದೆ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 1-4ರಿಂದ ಸೋತಿತು. ಆ ಪಂದ್ಯವೂ ನಡೆಯಬಾರದೆಂದು ಚೀನಾ ಒತ್ತಡ ಹೇರಿತ್ತು. ಫಿಫಾ ಆ ತಂಡವನ್ನು ಮಾನ್ಯ ಮಾಡುವುದಿಲ್ಲ. ಭಾರತದ ಜರ್ಸಿ ತೊಡಲು ಭಾರತದ ಪಾಸ್‌ಪೋರ್ಟ್ ಬೇಕು. ನಮ್ಮ ಕಾನೂನಿನಂತೆ 1987ರ ಜುಲೈಗೆ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅನಂತರ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದರೂ ಪೌರರಾಗಿರಬೇಕು. ನಾನು ಕಂಡ ಹುಡುಗರೆಲ್ಲ ಆ ಗೆರೆಯ ಈಚೆಯವರು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲ. ನೆಲ ಕೊಟ್ಟಿದ್ದೇವೆ, ಶಾಲೆ ಕೊಟ್ಟಿದ್ದೇವೆ, ಅದು ಸಣ್ಣ ಮಾತಲ್ಲ. ಅನೇಕ ಶ್ರೀಮಂತ ದೇಶಗಳು ಅಷ್ಟನ್ನೂ ಕೊಟ್ಟಿಲ್ಲ. ಆದರೆ ಮೂರನೇ ತಲೆಮಾರಿನ ಹುಡುಗನೊಬ್ಬ, ಕನ್ನಡ ಮಾತನಾಡುತ್ತ ಬೆಳೆದವನು, ಯಾವ ದೇಶಕ್ಕೆ ಗೋಲು ಹೊಡೆಯಬೇಕು?

ಡೇವಿಸ್‌ನ ಕಥೆಯನ್ನು ಪತ್ರಿಕೆಗಳು ಪವಾಡವೆಂದು ವರ್ಣಿಸಿದಾಗ ನನಗೆ ಕಿರಿಕಿರಿಯಾಗುತ್ತದೆ. ಪವಾಡ ಎಂದೊಡನೆ ಯಾರ ಮೇಲೂ ಹೊಣೆ ಉಳಿಯುವುದಿಲ್ಲ. ಆತನ ಹಿಂದೆ ಇದ್ದದ್ದು ವಲಸೆ ಅಧಿಕಾರಿಯೊಬ್ಬರ ಮುದ್ರೆ, ಶುಲ್ಕವಿಲ್ಲದ ಲೀಗ್, ಸರ್ಕಾರಿ ಖರ್ಚಿನ ಶಾಲೆ, ಪಾಳಿ ಮುಗಿಸಿ ಬಂದು ಮಗನಿಗಾಗಿ ಎದ್ದು ಕೂತ ತಾಯಿ. 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಗಳಿಂದ ಮನೆ ತೊರೆದವರ ಸಂಖ್ಯೆ ಜಗತ್ತಿನಲ್ಲಿ 12.32 ಕೋಟಿ ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. ಅವರಲ್ಲಿ ಹತ್ತಕ್ಕೆ ನಾಲ್ಕರಷ್ಟು ಮಕ್ಕಳು. ಅವರಲ್ಲಿ ಎಡಗಾಲಿನಲ್ಲಿ ಚೆಂಡನ್ನು ಪಳಗಿಸಬಲ್ಲವರು ಎಷ್ಟು ಜನ ಎಂಬುದಕ್ಕಿಂತ, ಏನೂ ಬಾರದ ಸಾಧಾರಣ ಮಕ್ಕಳ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಅವರಿಗೂ ಮನೆ ಬೇಕು.

ಲೈಬೀರಿಯಾದಲ್ಲಿ ಶಾಂತಿ ನೆಲೆಸಿತೆಂದು 2012ರಲ್ಲಿ ಅಲ್ಲಿಯವರ ನಿರಾಶ್ರಿತ ಸ್ಥಾನಮಾನವನ್ನು ವಿಶ್ವಸಂಸ್ಥೆ ಕೊನೆಗೊಳಿಸಿತು. ಕೆಲವರು ಹಿಂದಿರುಗಿದರು. ಹಿಂದಿರುಗಲು ಏನೂ ಉಳಿಯದವರು ಬುದುಬುರಾಮ್‌ನಲ್ಲಿಯೇ ಇದ್ದರು. ಅಲ್ಲೇ ಮದುವೆಯಾದರು, ಅಂಗಡಿ ಇಟ್ಟರು, ಮಕ್ಕಳನ್ನು ಹೆತ್ತರು. ಆ ಜಾಗ ಅಪರಾಧಿಗಳ ಅಡ್ಡೆಯಾಗಿದೆ ಎಂದು ಘಾನಾದ ಅಧಿಕಾರಿಗಳು ಹಲವು ಬಾರಿ ಗಡುವು ಕೊಟ್ಟರು. 2024ರಲ್ಲಿ ಬುಲ್ಡೋಜರುಗಳು ಬಂದವು. ಡೇವಿಸ್ ಹುಟ್ಟಿದ ಶಿಬಿರದ ಗೋಡೆಗಳು ಒಂದೊಂದಾಗಿ ಉರುಳಿದವು. ಅಲ್ಲಿದ್ದವರು ಮತ್ತೆ ಮೂಟೆ ಕಟ್ಟಿಕೊಂಡರು.